ಹೃದಯದ ಕೋಶಗಳಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಕಲ್ ಶಾಪಿನಿಂದ ಆಂಟಿಆಕ್ಸಿಡೆಂಟ್ ಡಬ್ಬಿ ತಂದು "ಇದು ಹಾರ್ಟಿಗೆ ಒಳ್ಳೆಯದಂತೆ, ತಗೊಳ್ಳಬಹುದಾ?" ಎಂದು ಕೇಳುವವರು ಬಹಳ ಜನ. ಬಯೋಕೆಮಿಸ್ಟ್ರಿ ಓದುವ ವಿದ್ಯಾರ್ಥಿಗಳ ಪ್ರಶ್ನೆ ಬೇರೆ: ಫ್ರೀ ರ‍್ಯಾಡಿಕಲ್‌ಗಳು (ಸಿಕ್ಕ ಅಣುಗಳ ಮೇಲೆ ಎರಗುವ ಚುರುಕಿನ ಅಣುಗಳು) ವಿಷ ಎಂದು ಒಂದು ಪುಟದಲ್ಲಿದೆ, ಅವೇ ಸಂಕೇತ ಒಯ್ಯುತ್ತವೆ ಎಂದು ಇನ್ನೊಂದು ಪುಟದಲ್ಲಿದೆ, ಯಾವುದು ನಿಜ? ಎರಡೂ ನಿಜ. ಹೃದಯದ ಕೋಶ ಹೈಡ್ರೋಜನ್ ಪೆರಾಕ್ಸೈಡನ್ನು ಬೇಕೆಂದೇ ತಯಾರಿಸಿ, ಸಂದೇಶ ಕಳಿಸಲು ಬಳಸುತ್ತದೆ. ಈ ಒಂದು ಸಂಗತಿ ತಿಳಿದರೆ ಡಬ್ಬಿಯ ಪ್ರಶ್ನೆಗೂ ಪುಸ್ತಕದ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಆಕ್ಸಿಡೇಟಿವ್ ಸ್ಟ್ರೆಸ್ ಅಂದರೆ ಏನು?

ನಾವು ಉಸಿರಾಡಿದ ಆಮ್ಲಜನಕದ ಬಹುಪಾಲು ಕೋಶದೊಳಗೆ ನಾಲ್ಕು ಎಲೆಕ್ಟ್ರಾನ್ ಪಡೆದು ನೀರಾಗುತ್ತದೆ. ಒಂದೇ ಎಲೆಕ್ಟ್ರಾನ್ ಸಿಕ್ಕಿದರೆ ಸೂಪರ್‌ಆಕ್ಸೈಡ್ ಆಗುತ್ತದೆ, ಎರಡು ಸಿಕ್ಕಿದರೆ ಹೈಡ್ರೋಜನ್ ಪೆರಾಕ್ಸೈಡ್. ಈ ಪೆರಾಕ್ಸೈಡಿಗೆ ಬಿಡಿ ಕಬ್ಬಿಣದ ಅಯಾನು ಎದುರಾದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಹುಟ್ಟಿದ ಜಾಗದಲ್ಲೇ ಕೈಗೆ ಸಿಕ್ಕಿದ್ದನ್ನು ಸುಟ್ಟುಬಿಡುತ್ತದೆ. ಕೊಬ್ಬು, ಪ್ರೋಟೀನ್, ಡಿಎನ್ಎ, ಯಾವುದನ್ನೂ ಬಿಡುವುದಿಲ್ಲ.

ಇವುಗಳ ಉತ್ಪಾದನೆಗೂ ಇವನ್ನು ತಣಿಸುವ ವ್ಯವಸ್ಥೆಗೂ ನಡುವಿನ ಸಮತೋಲ ತಪ್ಪಿದಾಗ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಈ ಪರಿಕಲ್ಪನೆಗೆ ರೂಪ ಕೊಟ್ಟರು. ಸಮತೋಲ ತಪ್ಪುವುದರಲ್ಲಿ ಎರಡು ಬಗೆಯಿದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಒಂದು, ವಸ್ತುಗಳು ಸುಟ್ಟು ಹಾಳಾಗುವುದು. ಇನ್ನೊಂದು, ಏನೂ ಸುಡದೆಯೇ ಕೋಶದೊಳಗಿನ ಸಂಕೇತಗಳು ದಿಕ್ಕು ತಪ್ಪುವುದು. ಹೃದಯದ ಕಾಯಿಲೆಗಳಲ್ಲಿ ಎರಡನೆಯದರ ಪಾಲು ನಾವು ಎಣಿಸಿದ್ದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಮುಂದಿನ ಉತ್ತರಗಳಲ್ಲಿ ಅದಕ್ಕೆ ಕಾರಣ ಕೊಡುತ್ತೇನೆ.

ಹೃದಯದ ವಿಷಯದಲ್ಲೇ ಇದರ ಮಾತು ಯಾಕಿಷ್ಟು?

ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುವ ಅಂಗ ಇದು. ಅದರ ತೂಕ 300 ಗ್ರಾಂ ಆಸುಪಾಸು. ಆದರೆ ಒಂದು ದಿನದಲ್ಲಿ ಅದು ತಯಾರಿಸಿ ಖರ್ಚು ಮಾಡುವ ಎಟಿಪಿ (ಕೋಶ ಶಕ್ತಿಗಾಗಿ ಬಳಸುವ ಅಣು) ಸುಮಾರು 6 ಕೆ.ಜಿ. ಎಂದು ಲೆಕ್ಕ ಹಾಕಿದ್ದಾರೆ. ಇಷ್ಟು ಶಕ್ತಿ ಒದಗಿಸಲು ಹೃದಯಸ್ನಾಯುವಿನ ಕೋಶದ ಗಾತ್ರದಲ್ಲಿ ಮೂರನೇ ಒಂದು ಭಾಗದಷ್ಟು ಮೈಟೋಕಾಂಡ್ರಿಯಗಳೇ, ಅಂದರೆ ಎಟಿಪಿ ತಯಾರಿಸುವ ಪುಟ್ಟ ಘಟಕಗಳೇ, ತುಂಬಿಕೊಂಡಿವೆ. ಆಮ್ಲಜನಕ ಹೆಚ್ಚು ಬಳಕೆಯಾಗುವ ಕಡೆ ಎಲೆಕ್ಟ್ರಾನ್ ಸೋರಿಕೆಯ ಸಾಧ್ಯತೆಯೂ ಹೆಚ್ಚು. ಮೇಲಾಗಿ ಈ ಕೋಶಗಳು ಚರ್ಮದ ಕೋಶಗಳಂತೆ ಸತ್ತು ಹೊಸದಾಗಿ ಹುಟ್ಟುವುದಿಲ್ಲ. ದೊಡ್ಡವರಲ್ಲಿ ವರ್ಷಕ್ಕೆ ಶೇ 1ರಷ್ಟು ಅಥವಾ ಅದಕ್ಕಿಂತ ಕಡಿಮೆ ಕೋಶಗಳು ಮಾತ್ರ ಬದಲಾಗುತ್ತವೆ. ಆದ ಹಾನಿ ಅಲ್ಲೇ ಉಳಿಯುತ್ತದೆ.

ಈ ಅಣುಗಳು ಎಲ್ಲಿಂದ ಬರುತ್ತವೆ?

ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸಿ ಆಮ್ಲಜನಕಕ್ಕೆ ಮುಟ್ಟಿಸುವ ಮೈಟೋಕಾಂಡ್ರಿಯದ ಉಸಿರಾಟ ಸರಪಳಿ ಒಂದು ಮೂಲ. ಉಸಿರಾಡಿದ ಆಮ್ಲಜನಕದಲ್ಲಿ ಶೇ 1ರಿಂದ 2ರಷ್ಟು ಸೂಪರ್‌ಆಕ್ಸೈಡ್ ಆಗುತ್ತದೆ ಎಂದು ಹಳೆಯ ಪಠ್ಯಗಳಲ್ಲಿ ಓದಿರುತ್ತೀರಿ. ಅದು ಕೋಶದಿಂದ ಹೊರತೆಗೆದ ಮೈಟೋಕಾಂಡ್ರಿಯಗಳಿಗೆ ಬೇಕಾದಷ್ಟು ಆಹಾರ ಕೊಟ್ಟು ಅಳೆದ ಅಂಕಿ. ಬದುಕಿರುವ ಹೃದಯದಲ್ಲಿ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ.

ಇನ್ನೊಂದು ಮೂಲ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವಗಳ ಕುಟುಂಬ. ಇವನ್ನು ಚಿಕ್ಕದಾಗಿ ನಾಕ್ಸ್ ಎನ್ನುತ್ತಾರೆ. ಇವುಗಳ ಕೆಲಸವೇ ಸೂಪರ್‌ಆಕ್ಸೈಡ್ ಅಥವಾ ಪೆರಾಕ್ಸೈಡ್ ತಯಾರಿಸುವುದು. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲಲು ಬಳಸುವ ನಾಕ್ಸ್2 ಹೃದಯದ ಕೋಶಗಳಲ್ಲೂ ಇದೆ, ಆದರೆ ಬಹಳ ಕಡಿಮೆ ಪ್ರಮಾಣದಲ್ಲಿ ಮತ್ತು ಬೇರೆ ಉದ್ದೇಶಕ್ಕೆ. ಹಾರ್ಮೋನು ಬಂದು ಬಾಗಿಲು ತಟ್ಟಿದಾಗ ಮಾತ್ರ ಅದು ಎಚ್ಚರವಾಗುತ್ತದೆ. ಸೋರಿಕೆಯಿಂದ ಹುಟ್ಟಿದ್ದು ಬೇರೆ, ಬೇಕೆಂದು ಹುಟ್ಟಿಸಿದ್ದು ಬೇರೆ. ಇಂಥದೊಂದು ಕಿಣ್ವವನ್ನು ಕೋಶ ಇಟ್ಟುಕೊಂಡಿರುವುದೇ ಅದಕ್ಕೆ ಪೆರಾಕ್ಸೈಡ್ ಬೇಕು ಎನ್ನುವುದಕ್ಕೆ ಸಾಕ್ಷಿ.

ಜ್ಯಾಂಥೀನ್ ಆಕ್ಸಿಡೇಸ್, ಮೋನೋಅಮೀನ್ ಆಕ್ಸಿಡೇಸ್ ಮುಂತಾದವೂ ತಮ್ಮ ಪಾಲು ಸೇರಿಸುತ್ತವೆ.

ಇಷ್ಟು ಸಣ್ಣ ಅಣು ಸಂಕೇತ ಕೊಡುವುದು ಹೇಗೆ?

ಪ್ರೋಟೀನುಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವಿದೆ, ಅದರ ತುದಿಯಲ್ಲಿ ಗಂಧಕದ ಪರಮಾಣು. ಕೆಲವು ಪ್ರೋಟೀನುಗಳಲ್ಲಿ ಈ ಗಂಧಕ ಪೆರಾಕ್ಸೈಡಿಗೆ ತಕ್ಷಣ ಸ್ಪಂದಿಸುವ ಸ್ಥಿತಿಯಲ್ಲಿರುತ್ತದೆ. ಪೆರಾಕ್ಸೈಡ್ ತಾಕಿದರೆ ಗಂಧಕಕ್ಕೆ ಆಮ್ಲಜನಕ ಅಂಟಿಕೊಳ್ಳುತ್ತದೆ, ಇಲ್ಲವೇ ಪಕ್ಕದ ಇನ್ನೊಂದು ಗಂಧಕದೊಂದಿಗೆ ಬಂಧ ಬೆಳೆಯುತ್ತದೆ. ಪ್ರೋಟೀನಿನ ಆಕಾರ ಬದಲಾಗುತ್ತದೆ, ಕೆಲಸವೂ ಬದಲಾಗುತ್ತದೆ. ಥಯೋರೆಡಾಕ್ಸಿನ್, ಗ್ಲುಟಾಥಯೋನ್ ಬಂದು ಆ ಬಂಧ ಬಿಡಿಸಿದರೆ ಮೊದಲಿನ ಸ್ಥಿತಿ. ಹಾಕಿ ತೆಗೆಯಬಹುದಾದ ಗುರುತು ಇದು. ಫಾಸ್ಫೇಟ್ ಅಂಟಿಸಿ ತೆಗೆಯುವ ಕೈನೇಸ್–ಫಾಸ್ಫಟೇಸ್ ಸಂಕೇತಗಳ ಹಾಗೆಯೇ.

1995ರಲ್ಲಿ ಸುಂದರೇಶನ್, ಟೊರೆನ್ ಫಿಂಕೆಲ್ ಮತ್ತು ಸಂಗಡಿಗರು ರಕ್ತನಾಳದ ಸ್ನಾಯುಕೋಶಗಳ ಮೇಲೆ ಒಂದು ಪ್ರಯೋಗ ಮಾಡಿದರು. ಬೆಳವಣಿಗೆಗೆ ಪ್ರಚೋದಿಸುವ ಪಿಡಿಜಿಎಫ್ ಕೊಟ್ಟಾಗ ಕೋಶದಲ್ಲಿ ಸ್ವಲ್ಪ ಹೊತ್ತು ಪೆರಾಕ್ಸೈಡ್ ಏರಿತು. ಕೆಟಲೇಸ್ ಕಿಣ್ವ ತುಂಬಿಸಿ ಆ ಪೆರಾಕ್ಸೈಡನ್ನು ಅಳಿಸಿದಾಗ ಪಿಡಿಜಿಎಫ್‌ನ ಸಂದೇಶ ಒಳಗೆ ಮುಟ್ಟಲೇ ಇಲ್ಲ. ಪೆರಾಕ್ಸೈಡ್ ಸಂದೇಶದ ಭಾಗವೇ ಆಗಿತ್ತು. ಇದರ ಒಂದು ದಾರಿ ಹೀಗೆ: ಫಾಸ್ಫೇಟ್ ಕಿತ್ತು ಸಂಕೇತ ನಿಲ್ಲಿಸುವ ಫಾಸ್ಫಟೇಸ್‌ಗಳ ಕೆಲಸದ ಜಾಗದಲ್ಲೇ ಒಂದು ಸಿಸ್ಟೀನ್ ಇದೆ. ಪೆರಾಕ್ಸೈಡ್ ಅದನ್ನು ಕಟ್ಟಿಹಾಕಿದರೆ ನಿಲ್ಲಿಸುವವರು ಇಲ್ಲದೆ ಸಂಕೇತ ಮುಂದುವರಿಯುತ್ತದೆ.

ಇಲ್ಲಿ ಜಾಗ ಮತ್ತು ಹೊತ್ತು ಮುಖ್ಯ. ಕೆರೆಯ ಬಯಲಿನಲ್ಲಿ ನೀರುಗಂಟಿ ಸರದಿಯಂತೆ ಒಂದು ಗದ್ದೆಗೆ ನೀರು ಬಿಟ್ಟು, ಸಾಕಾದ ಮೇಲೆ ಮಡೆ ಕಟ್ಟಿ ಇನ್ನೊಂದಕ್ಕೆ ತಿರುಗಿಸುತ್ತಾನಲ್ಲ, ಕೋಶದಲ್ಲೂ ಹಾಗೆ: ಪೆರಾಕ್ಸೈಡ್ ತಯಾರಾಗುವ ಜಾಗದ ಪಕ್ಕದಲ್ಲೇ ಅದರ ಗುರಿಯ ಪ್ರೋಟೀನ್ ಇರುತ್ತದೆ, ಹೊತ್ತು ಮುಗಿದೊಡನೆ ಪೆರಾಕ್ಸಿರೆಡಾಕ್ಸಿನ್ ಎಂಬ ಕಿಣ್ವ ಪೆರಾಕ್ಸೈಡನ್ನು ಅಳಿಸುತ್ತದೆ. ಸಹಜ ಸ್ಥಿತಿಯಲ್ಲಿ ಕೋಶದೊಳಗಿನ ಪೆರಾಕ್ಸೈಡ್ ಪ್ರಮಾಣ ನ್ಯಾನೋಮೋಲಾರ್ ಮಟ್ಟದ್ದು, ಅಂದರೆ ಅತ್ಯಲ್ಪ. ಕಾಯಿಲೆ ಎಂದರೆ ಬಹಳ ಸಲ ಒಡ್ಡು ಒಡೆದ ಸ್ಥಿತಿ.

ಬಡಿತದ ಲಯಕ್ಕೂ ಇದಕ್ಕೂ ಏನು ಸಂಬಂಧ?

ಇದು ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಪ್ರತಿ ಬಡಿತಕ್ಕೂ ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬರಬೇಕು, ಸ್ನಾಯು ಕುಗ್ಗಬೇಕು, ಕ್ಯಾಲ್ಸಿಯಂ ಮತ್ತೆ ಉಗ್ರಾಣಕ್ಕೆ ಹೋಗಬೇಕು, ಸ್ನಾಯು ಸಡಿಲವಾಗಬೇಕು. ಹೊರಬರುವ ಬಾಗಿಲು ರಯಾನೊಡೀನ್ ರಿಸೆಪ್ಟರ್. ಒಳಗೆ ಎತ್ತುವ ಪಂಪು ಸರ್ಕಾ. ಇವೆರಡನ್ನೂ ಹದದಲ್ಲಿಡುವ ಕಿಣ್ವಗಳಲ್ಲಿ ಮುಖ್ಯವಾದದ್ದು ಕ್ಯಾಮ್‌ಕೆ-2. ಕ್ಯಾಲ್ಸಿಯಂ ಏರಿದಾಗ ಈ ಕಿಣ್ವ ತೆರೆದುಕೊಂಡು ಕೆಲಸ ಶುರುಮಾಡುತ್ತದೆ, ಇಳಿದಾಗ ಮುಚ್ಚಿಕೊಳ್ಳುತ್ತದೆ.

2008ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡರ್ಸನ್ ಅವರ ತಂಡ ಒಂದು ವಿಶೇಷ ಸಂಗತಿ ಕಂಡುಹಿಡಿಯಿತು. ಈ ಕಿಣ್ವದಲ್ಲಿ 281 ಮತ್ತು 282ನೇ ಸ್ಥಾನದಲ್ಲಿ ಅಕ್ಕಪಕ್ಕ ಎರಡು ಮೆಥಿಯೋನಿನ್‌ಗಳಿವೆ. ಅವುಗಳಲ್ಲೂ ಗಂಧಕವಿದೆ. ಕಿಣ್ವ ತೆರೆದುಕೊಂಡಿರುವಾಗ ಪೆರಾಕ್ಸೈಡ್ ಬಂದು ಇವನ್ನು ಆಕ್ಸಿಡೈಸ್ ಮಾಡಿದರೆ, ಕ್ಯಾಲ್ಸಿಯಂ ಇಳಿದ ಮೇಲೂ ಕಿಣ್ವ ಮುಚ್ಚಿಕೊಳ್ಳುವುದಿಲ್ಲ. ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾದಾಗ ರಯಾನೊಡೀನ್ ರಿಸೆಪ್ಟರ್ ಬಡಿತಗಳ ನಡುವೆಯೂ ಕ್ಯಾಲ್ಸಿಯಂ ಸೋರಿಸುತ್ತದೆ. ಸೋಡಿಯಂ ಕಾಲುವೆಗಳು ತಡವಾಗಿ ಮುಚ್ಚುತ್ತವೆ. ಸೋರಿದ ಕ್ಯಾಲ್ಸಿಯಂ ಕೋಶವನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೆರಳಿಸುತ್ತದೆ. ಇದೇ ಲಯ ತಪ್ಪುವುದರ ಒಂದು ಮೂಲ.

ರಯಾನೊಡೀನ್ ರಿಸೆಪ್ಟರ್‌ಗೆ ಪೆರಾಕ್ಸೈಡ್ ನೇರವಾಗಿಯೂ ತಾಗುತ್ತದೆ. ನಾಲ್ಕು ಭಾಗ ಸೇರಿದ ಆ ದೈತ್ಯ ಪ್ರೋಟೀನಿನ ಒಂದೊಂದು ಭಾಗದಲ್ಲೂ ಸುಮಾರು 90 ಸಿಸ್ಟೀನ್‌ಗಳಿವೆ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಯಾದ ಹೃತ್ಕರ್ಣ ಲಯ ತಪ್ಪಿ ಅದುರುವ ಕಾಯಿಲೆ) ಇರುವವರ ಹೃತ್ಕರ್ಣದ ಅಂಗಾಂಶದಲ್ಲಿ ಆಕ್ಸಿಡೈಸ್ ಆದ ಕ್ಯಾಮ್‌ಕೆ-2 ಹೆಚ್ಚಾಗಿರುವುದನ್ನು ಅದೇ ತಂಡ 2013ರಲ್ಲಿ ತೋರಿಸಿತು.

ಇಲ್ಲಿ ಏನೂ ಸುಟ್ಟಿಲ್ಲ ಎಂಬುದನ್ನು ಗಮನಿಸಿ. ಎರಡು ಗಂಧಕದ ಪರಮಾಣುಗಳ ಮೇಲೆ ಎರಡು ಆಮ್ಲಜನಕ ಕುಳಿತಿವೆ, ಅಷ್ಟೆ. ಮೆಥಿಯೋನಿನ್ ಸಲ್ಫಾಕ್ಸೈಡ್ ರಿಡಕ್ಟೇಸ್ ಎಂಬ ಕಿಣ್ವ ಬಂದರೆ ಅವೂ ಹೋಗುತ್ತವೆ.

ಬಿಪಿ ಹೆಚ್ಚಿದ್ದರೆ ಹೃದಯ ದಪ್ಪವಾಗುತ್ತದಂತೆ. ಅದರಲ್ಲಿ ಇದರ ಪಾತ್ರವೇನು?

ರಕ್ತದೊತ್ತಡ ಹೆಚ್ಚಿದವರಲ್ಲಿ ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನು ಬಹಳ ಸಲ ಚುರುಕಾಗಿರುತ್ತದೆ. ಅದು ಕೋಶದ ಮೇಲಿನ ತನ್ನ ರಿಸೆಪ್ಟರ್‌ಗೆ ಕೂತೊಡನೆ ನಾಕ್ಸ್2 ಜೋಡಣೆಗೊಂಡು ಸೂಪರ್‌ಆಕ್ಸೈಡ್ ತಯಾರಿಸತೊಡಗುತ್ತದೆ. ಅಲ್ಲಿಂದ ಸಂಕೇತ ಹಲವು ದಾರಿ ಹಿಡಿಯುತ್ತದೆ. ಜೀನುಗಳನ್ನು ಸುಮ್ಮನಿರಿಸುವ ಎಚ್‌ಡಿಎಸಿ-4 ಎಂಬ ಪ್ರೋಟೀನಿನ ಸಿಸ್ಟೀನ್‌ಗಳು ಆಕ್ಸಿಡೈಸ್ ಆದರೆ ಅದು ಕೋಶಕೇಂದ್ರ ಬಿಟ್ಟು ಹೊರಗೆ ಹೋಗುತ್ತದೆ, ಆಗ ಕೋಶವನ್ನು ಹಿಗ್ಗಿಸುವ ಜೀನುಗಳಿಗೆ ತಡೆ ತಪ್ಪುತ್ತದೆ. ಜುನಿಚಿ ಸದೋಶಿಮಾ ಅವರ ತಂಡ ಇದನ್ನು 2008ರಲ್ಲಿ ತೋರಿಸಿತು. ಇನ್ನೊಂದು ದಾರಿ ಎಎಸ್‌ಕೆ-1. ಇದೂ ಒಂದು ಕೈನೇಸ್, ಸಾಮಾನ್ಯವಾಗಿ ಥಯೋರೆಡಾಕ್ಸಿನ್ ಇದನ್ನು ಹಿಡಿದುಕೊಂಡಿರುತ್ತದೆ. ಥಯೋರೆಡಾಕ್ಸಿನ್ ಆಕ್ಸಿಡೈಸ್ ಆಗಿ ಕೈಬಿಟ್ಟರೆ ಎಎಸ್‌ಕೆ-1 ಎಚ್ಚರವಾಗಿ ಪಿ38, ಜೆಎನ್‌ಕೆ ಕೈನೇಸ್‌ಗಳ ಮೂಲಕ ಕೋಶವನ್ನು ಸಾವಿನ ಕಡೆಗೂ ಒಯ್ಯಬಲ್ಲದು.

ಮೊದಮೊದಲು ಸ್ನಾಯು ದಪ್ಪವಾಗುವುದು ಹೊರೆ ತಾಳಲು ಮಾಡಿಕೊಂಡ ಹೊಂದಾಣಿಕೆ. ವರ್ಷಗಟ್ಟಲೆ ಮುಂದುವರಿದರೆ ನಾರು ಕಟ್ಟುತ್ತದೆ, ಹೃದಯ ಬಿಗಿಯಾಗುತ್ತದೆ, ಕೊನೆಗೆ ಸೋಲುತ್ತದೆ.

ನಾಕ್ಸ್4 ಒಳ್ಳೆಯದೋ ಕೆಟ್ಟದ್ದೋ?

ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ. ನಾಕ್ಸ್4 ಯಾರೂ ಬಾಗಿಲು ತಟ್ಟದಿದ್ದರೂ ಸದಾ ಪೆರಾಕ್ಸೈಡ್ ತಯಾರಿಸುತ್ತಿರುವ ಕಿಣ್ವ. 2010ರಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಅಜಯ್ ಶಾ ಅವರ ತಂಡ, ಹೊರೆ ಬಿದ್ದ ಇಲಿಯ ಹೃದಯವನ್ನು ನಾಕ್ಸ್4 ಕಾಯುತ್ತದೆ, ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತದೆ ಎಂದಿತು. ಸದೋಶಿಮಾ ಅವರ ತಂಡ, ಸೋಲುತ್ತಿರುವ ಹೃದಯದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ಸಿನ ದೊಡ್ಡ ಮೂಲವೇ ಅದು ಎಂದಿತು. ಎರಡೂ ಎಚ್ಚರಿಕೆಯ ಕೆಲಸಗಳೇ. ಬಳಸಿದ ಇಲಿಗಳ ಬಗೆ ಬೇರೆ, ಕಿಣ್ವವನ್ನು ತೆಗೆದ ವಿಧಾನ ಬೇರೆ. ಪರೀಕ್ಷೆಯಲ್ಲಿ ಬರೆಯುವುದಾದರೆ ಎರಡೂ ಬರೆಯಿರಿ.

ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತ ಮತ್ತೆ ಹರಿದಾಗಲೇ ಹಾನಿ ಆಗುತ್ತದೆ ಎನ್ನುತ್ತಾರೆ, ನಿಜವೇ?

ಒಂದು ಪಾಲು ನಿಜ. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಆಸ್ಕರ್ ಲಾಂಗೆಂಡಾರ್ಫ್ 1895ರಲ್ಲಿ ರೂಪಿಸಿದ ವಿಧಾನದಲ್ಲಿ ಇಲಿಯ ಹೃದಯವನ್ನು ಮಹಾಪಧಮನಿಯಲ್ಲಿ ಸಣ್ಣ ಕೊಳವೆ ಕಟ್ಟಿ ತೂಗುಹಾಕುತ್ತಾರೆ. 37 ಡಿಗ್ರಿ ಬಿಸಿಯ, ಆಮ್ಲಜನಕ ಗುಳುಗುಳಿಸಿದ ಲವಣದ್ರಾವಣ ಒಳಗೆ ಹರಿಯುತ್ತಿರುವಷ್ಟು ಹೊತ್ತು ಆ ಪುಟ್ಟ ಹೃದಯ ಗಂಟೆಗಟ್ಟಲೆ ಬಡಿಯುತ್ತದೆ. ಹರಿವು ನಿಲ್ಲಿಸಿದರೆ ಬಣ್ಣ ಮಂಕಾಗಿ ಬಡಿತ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಹರಿಸಿದಾಗ ಪರದೆಯ ಮೇಲಿನ ಗೆರೆ ನೆಟ್ಟಗೆ ಬರುವುದಿಲ್ಲ. ಮೊದಲ ಕೆಲವು ನಿಮಿಷ ಹೃದಯ ಒಂದೇ ಸಮನೆ ಅದುರುತ್ತದೆ, ಕೆಲವೊಮ್ಮೆ ಬಿಗಿದುಕೊಂಡೇ ಉಳಿಯುತ್ತದೆ.

ಒಳಗೆ ಆಗುವುದೇನೆಂದು 2014ರಲ್ಲಿ ಕೇಂಬ್ರಿಜ್‌ನ ಮೈಕೆಲ್ ಮರ್ಫಿ ಮತ್ತು ಸಂಗಡಿಗರು ತೋರಿಸಿದರು. ಆಮ್ಲಜನಕ ಇಲ್ಲದಾಗ ಮೈಟೋಕಾಂಡ್ರಿಯದಲ್ಲಿ ಸಕ್ಸಿನೇಟ್ ಎಂಬ ಪದಾರ್ಥ ಕೂಡಿಬೀಳುತ್ತದೆ. ಆಮ್ಲಜನಕ ಮರಳಿದ ಕೂಡಲೇ ಅದು ರಭಸದಿಂದ ಉರಿಯುತ್ತದೆ, ಎಲೆಕ್ಟ್ರಾನ್‌ಗಳು ಸರಪಳಿಯಲ್ಲಿ ಹಿಮ್ಮುಖವಾಗಿ ಅದರ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್-1ಕ್ಕೆ ನುಗ್ಗುತ್ತವೆ, ಅಲ್ಲಿ ಸೂಪರ್‌ಆಕ್ಸೈಡ್ ಒಮ್ಮೆಲೇ ಹೊಮ್ಮುತ್ತದೆ. ಅದರ ಜೊತೆ ಕ್ಯಾಲ್ಸಿಯಂ ಕೂಡ ಏರಿದಾಗ ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ದೊಡ್ಡ ರಂಧ್ರ ತೆರೆಯುತ್ತದೆ. ಕೋಶಕ್ಕೆ ಅದು ಸಾವಿನ ಆದೇಶ. ಆ ರಂಧ್ರ ಮುಚ್ಚಲು ಸೈಕ್ಲೋಸ್ಪೋರಿನ್ ಕೊಟ್ಟು 970 ರೋಗಿಗಳಲ್ಲಿ ನೋಡಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು, ಪ್ರಯೋಜನ ಕಾಣಲಿಲ್ಲ.

ಇದನ್ನು ಓದಿ "ಹಾಗಾದರೆ ರಕ್ತ ಹರಿಸದಿದ್ದರೇ ಒಳ್ಳೆಯದಾ?" ಎಂದು ದಯವಿಟ್ಟು ಯೋಚಿಸಬೇಡಿ. ಹರಿಸದಿದ್ದರೆ ಆ ಭಾಗ ಪೂರ್ತಿ ಸಾಯುತ್ತದೆ. ತಡವಾದಷ್ಟೂ ಎರಡೂ ಬಗೆಯ ಹಾನಿ ಹೆಚ್ಚು. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುವ ವ್ಯವಸ್ಥೆ ಬಂದಿರುವುದು ಇದಕ್ಕಾಗಿಯೇ. ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಬೆಳಗಿನವರೆಗೆ ಕಾಯುವವರಿಗೆ ಈ ರಸಾಯನಶಾಸ್ತ್ರವೆಲ್ಲ ನೆರವಿಗೆ ಬರುವುದಿಲ್ಲ.

ಸ್ವಲ್ಪ ಆಕ್ಸಿಡೇಟಿವ್ ಸ್ಟ್ರೆಸ್ ಹೃದಯವನ್ನು ಕಾಪಾಡುತ್ತದೆ ಎಂಬ ಮಾತಿಗೆ ಆಧಾರವಿದೆಯೇ?

ಇದೆ. 1986ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮರ್ರಿ, ಜೆನ್ನಿಂಗ್ಸ್, ರೈಮರ್ ನಾಯಿಗಳ ಹೃದಯದಲ್ಲಿ 5 ನಿಮಿಷ ರಕ್ತ ತಡೆದು 5 ನಿಮಿಷ ಬಿಡುವುದನ್ನು ನಾಲ್ಕು ಸಲ ಮಾಡಿ, ಆಮೇಲೆ 40 ನಿಮಿಷ ತಡೆದರು. ಮೊದಲೇ ಹೀಗೆ ಪಳಗಿಸಿದ ಹೃದಯಗಳಲ್ಲಿ ಸತ್ತ ಭಾಗ, ಪಳಗಿಸದವುಗಳ ನಾಲ್ಕನೇ ಒಂದರಷ್ಟೇ ಇತ್ತು. ಆಮೇಲಿನ ಪ್ರಯೋಗಗಳಲ್ಲಿ ಆ ಸಣ್ಣ ತಡೆಗಳ ಸಮಯದಲ್ಲಿ ಆಂಟಿಆಕ್ಸಿಡೆಂಟ್ ಕೊಟ್ಟಾಗ ಈ ರಕ್ಷಣೆಯೇ ಹೊರಟುಹೋಯಿತು. ಸ್ವಲ್ಪವೇ ಹುಟ್ಟಿದ ಪೆರಾಕ್ಸೈಡ್ ಮುಂದಿನ ಆಪತ್ತಿಗೆ ಕೋಶವನ್ನು ಸಿದ್ಧಮಾಡುವ ಸಂದೇಶವಾಗಿತ್ತು.

ನೈಟ್ರಿಕ್ ಆಕ್ಸೈಡಿಗೂ ಇದಕ್ಕೂ ನಂಟಿದೆಯೇ?

ಬಹಳ ಹತ್ತಿರದ ನಂಟು. ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡಿನ ಶೋಧಕ್ಕೆ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ ನೊಬೆಲ್ ಬಂತು. ಸೂಪರ್‌ಆಕ್ಸೈಡ್ ಈ ನೈಟ್ರಿಕ್ ಆಕ್ಸೈಡನ್ನು ಕಂಡೊಡನೆ ಅದರೊಂದಿಗೆ ಸೇರಿ ಪೆರಾಕ್ಸಿನೈಟ್ರೈಟ್ ಆಗುತ್ತದೆ. ಹೀಗೆ ಒಳ್ಳೆಯ ಸಂದೇಶವಾಹಕವೊಂದು ಇಲ್ಲವಾಗಿ ಹಾನಿಕರ ವಸ್ತುವೊಂದು ಹುಟ್ಟಿತು. ಅದು ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವದ ಸಹಾಯಕ ಅಣುವನ್ನೂ ಕೆಡಿಸುವುದರಿಂದ ಆ ಕಿಣ್ವವೇ ಸೂಪರ್‌ಆಕ್ಸೈಡ್ ತಯಾರಿಸಲು ತೊಡಗುತ್ತದೆ. ನೈಟ್ರೇಟ್ ಮಾತ್ರೆಗಳನ್ನು ಬಿಡುವಿಲ್ಲದೆ ತೆಗೆದುಕೊಂಡರೆ ಪರಿಣಾಮ ತಗ್ಗುವುದಕ್ಕೆ ಇಂಥ ಆಕ್ಸಿಡೇಷನ್ನೂ ಒಂದು ಕಾರಣ. ವೈದ್ಯರು ದಿನದಲ್ಲಿ ಕೆಲವು ಗಂಟೆ ಮಾತ್ರೆಯ ಬಿಡುವು ಇಡುವುದು ಪರಿಣಾಮ ಉಳಿಯಲೆಂದೇ.

ಇದರ ಇನ್ನೊಂದು ಮುಖವೂ ಇದೆ. 2007ರಲ್ಲಿ ಕಿಂಗ್ಸ್ ಕಾಲೇಜಿನ ಫಿಲಿಪ್ ಈಟನ್ ತಂಡ, ನೈಟ್ರಿಕ್ ಆಕ್ಸೈಡ್ ಇಲ್ಲದೆಯೂ ಪೆರಾಕ್ಸೈಡ್ ನೇರವಾಗಿ ಪಿಕೆಜಿ ಎಂಬ ಕಿಣ್ವದ ಎರಡು ಭಾಗಗಳಲ್ಲಿರುವ 42ನೇ ಸಿಸ್ಟೀನ್‌ಗಳನ್ನು ಜೋಡಿಸಿ ಅದನ್ನು ಚಾಲೂ ಮಾಡುತ್ತದೆ, ರಕ್ತನಾಳ ಸಡಿಲಗೊಳ್ಳುತ್ತದೆ ಎಂದು ತೋರಿಸಿತು.

ಕೋಶಕ್ಕೆ ತನ್ನದೇ ರಕ್ಷಣೆ ಇಲ್ಲವೇ?

ಇದೆ, ಅದೂ ಹಲವು ಸುತ್ತಿನ ಕೋಟೆ. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಸೂಪರ್‌ಆಕ್ಸೈಡನ್ನು ಪೆರಾಕ್ಸೈಡ್ ಮಾಡುತ್ತದೆ. ಕೆಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್, ಪೆರಾಕ್ಸಿರೆಡಾಕ್ಸಿನ್‌ಗಳು ಅದನ್ನು ನೀರು ಮಾಡುತ್ತವೆ. ಒತ್ತಡ ಹೆಚ್ಚಾದರೆ ಕೀಪ್-1 ಎಂಬ ಪ್ರೋಟೀನಿನ ಸಿಸ್ಟೀನ್‌ಗಳು ಅದನ್ನು ಗ್ರಹಿಸಿ ಎನ್‌ಆರ್‌ಎಫ್-2ನ್ನು ಬಿಡುಗಡೆ ಮಾಡುತ್ತವೆ. ಅದು ಕೋಶಕೇಂದ್ರಕ್ಕೆ ಹೋಗಿ ರಕ್ಷಣಾ ಜೀನುಗಳನ್ನು ಎಬ್ಬಿಸುತ್ತದೆ. ಇದೂ ಪೆರಾಕ್ಸೈಡ್ ಸಂಕೇತವೇ.

ಈ ಕೋಟೆಯ ಒಂದು ಕಲ್ಲು ಜಾರಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಕೆಶಾನ್ ಕಾಯಿಲೆ ಸಾಕ್ಷಿ. 1935ರಲ್ಲಿ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದ ಕೆಶಾನ್ ಕೌಂಟಿಯಲ್ಲಿ ಕಾಣಿಸಿಕೊಂಡ ಈ ಹೃದಯಸ್ನಾಯು ರೋಗ ಹೆಚ್ಚಾಗಿ ಮಕ್ಕಳನ್ನೂ ಹೆರುವ ವಯಸ್ಸಿನ ಹೆಂಗಸರನ್ನೂ ಬಲಿ ತೆಗೆದುಕೊಳ್ಳುತ್ತಿತ್ತು. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ಇರಲಿಲ್ಲ ಎನ್ನುವಷ್ಟು ಕಡಿಮೆ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕೆಲಸ ಮಾಡಲು ಸೆಲೆನಿಯಂ ಬೇಕೇ ಬೇಕು. 1970ರ ದಶಕದಲ್ಲಿ ಸಿಚುವಾನ್‌ನ ಮಕ್ಕಳಿಗೆ ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟಾಗ ರೋಗ ಗಣನೀಯವಾಗಿ ತಗ್ಗಿತು. ಕಾಕ್ಸಾಕಿ ವೈರಸ್ಸಿನ ಕೈವಾಡವೂ ಅದರಲ್ಲಿತ್ತು ಎಂದು ಮುಂದೆ ತಿಳಿಯಿತು. ಕೊರತೆ ಇದ್ದವರಿಗೆ ಕೊಟ್ಟದ್ದು ಫಲ ಕೊಟ್ಟಿತು. ಕೊರತೆ ಇಲ್ಲದವರಿಗೂ ಇದೇ ಲೆಕ್ಕ ಅನ್ವಯಿಸುವುದಿಲ್ಲ.

ಹಾಗಾದರೆ ವಿಟಮಿನ್ ಇ, ವಿಟಮಿನ್ ಸಿ ಮಾತ್ರೆಗಳು ಹೃದಯಕ್ಕೆ ಒಳ್ಳೆಯದಲ್ಲವೇ?

ಇದಕ್ಕೆ ಉತ್ತರ ಊಹೆಯಲ್ಲ, ದೊಡ್ಡ ಪರೀಕ್ಷೆಗಳು ಕೊಟ್ಟ ಉತ್ತರ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ ಮುನ್ನಡೆಸಿದ ಹೋಪ್ ಪರೀಕ್ಷೆಯ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಹೃದ್ರೋಗದ ಅಪಾಯ ಹೆಚ್ಚಿದ್ದ 9,541 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ, ಉಳಿದವರಿಗೆ ಸಪ್ಪೆ ಮಾತ್ರೆ, ಸರಾಸರಿ ನಾಲ್ಕೂವರೆ ವರ್ಷ. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ ವಿಟಮಿನ್ ಪಡೆದವರಲ್ಲಿ ಶೇ 16.2, ಪಡೆಯದವರಲ್ಲಿ ಶೇ 15.5. ಲಾಭ ಏನೂ ಇಲ್ಲ. ಅದೇ ಜನರನ್ನು ಇನ್ನಷ್ಟು ಕಾಲ ಗಮನಿಸಿದ ವರದಿ 2005ರಲ್ಲಿ ಬಂತು: ವಿಟಮಿನ್ ಇ ಪಡೆದವರಲ್ಲಿ ಹೃದಯ ವೈಫಲ್ಯ ಶೇ 13ರಷ್ಟು ಹೆಚ್ಚು. ಬ್ರಿಟನ್ನಿನಲ್ಲಿ 20,536 ಜನರಲ್ಲಿ ಅರ್ಧದಷ್ಟು ಮಂದಿಗೆ ವಿಟಮಿನ್ ಇ, ಸಿ ಮತ್ತು ಬೀಟಾ ಕೆರೋಟಿನ್ ಒಟ್ಟಿಗೆ ಕೊಟ್ಟು ನೋಡಿದ 2002ರ ವರದಿಯಲ್ಲೂ ಲಾಭ ಕಾಣಲಿಲ್ಲ.

ಹೋಪ್ ಪರೀಕ್ಷೆಯಲ್ಲೇ ಇನ್ನೊಂದು ಭಾಗವಿತ್ತು, ಜನ ಅದನ್ನು ಮರೆಯುತ್ತಾರೆ. ಅದೇ ಜನರಲ್ಲಿ ರ‍್ಯಾಮಿಪ್ರಿಲ್ ಎಂಬ ಬಿಪಿ ಮಾತ್ರೆಯನ್ನೂ ಪರೀಕ್ಷಿಸಿದ್ದರು. ಅದನ್ನು ಪಡೆದವರಲ್ಲಿ ಅನಾಹುತಗಳು ಶೇ 17.8ರಿಂದ ಶೇ 14ಕ್ಕೆ ಇಳಿದವು. ರ‍್ಯಾಮಿಪ್ರಿಲ್ ಆಂಜಿಯೋಟೆನ್ಸಿನ್-2 ತಯಾರಾಗದಂತೆ ತಡೆಯುತ್ತದೆ, ಹಾಗಾಗಿ ನಾಕ್ಸ್2ಗೆ ಬರುವ ಕರೆಯೂ ನಿಲ್ಲುತ್ತದೆ. ಅದರ ಲಾಭವೆಲ್ಲ ಇದೊಂದರಿಂದಲೇ ಬಂತು ಎನ್ನಲಾಗದು, ರಕ್ತದೊತ್ತಡವನ್ನೂ ಅದು ಇಳಿಸುತ್ತದೆ. ಆದರೂ ಹುಟ್ಟಿದ್ದನ್ನೆಲ್ಲ ಗುಡಿಸುವುದಕ್ಕೂ ತಪ್ಪು ಕರೆಯನ್ನು ಮೂಲದಲ್ಲೇ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ ಒಂದೇ ಪರೀಕ್ಷೆಯಲ್ಲಿ ಕಾಣಿಸಿತು.

ವಿಟಮಿನ್‌ಗಳು ಸೋತದ್ದಕ್ಕೆ ರಾಸಾಯನಿಕ ಕಾರಣವೂ ಇದೆ. ವಿಟಮಿನ್ ಇ ಕೊಬ್ಬಿನ ಪೊರೆಯಲ್ಲಿ ರ‍್ಯಾಡಿಕಲ್‌ಗಳ ಸರಣಿ ಮುರಿಯುತ್ತದೆ. ಪೆರಾಕ್ಸೈಡ್ ಜೊತೆ ಅದು ವರ್ತಿಸುವುದೇ ಇಲ್ಲವೆನ್ನಬಹುದು. ಕ್ಯಾಮ್‌ಕೆ-2ರ ಆ ಎರಡು ಮೆಥಿಯೋನಿನ್‌ಗಳ ಹತ್ತಿರ ಅದಕ್ಕೆ ಕೆಲಸವಿಲ್ಲ.

ಕೋಎನ್‌ಜೈಮ್ ಕ್ಯೂ10?

ಹೃದಯ ವೈಫಲ್ಯ ಇರುವ 420 ಜನರಲ್ಲಿ ಅರ್ಧದಷ್ಟು ಮಂದಿಗೆ ಇದನ್ನು ದಿನಕ್ಕೆ 300 ಮಿ.ಗ್ರಾಂ ಕೊಟ್ಟು ಎರಡು ವರ್ಷ ನೋಡಿದ ಪರೀಕ್ಷೆಯಲ್ಲಿ ಲಾಭ ಕಂಡಿತೆಂದು 2014ರಲ್ಲಿ ವರದಿಯಾಯಿತು. ಆದರೆ ಅದು ಸಣ್ಣ ಪರೀಕ್ಷೆ. ನಿಮ್ಮ ಕಾರ್ಡಿಯಾಲಜಿಸ್ಟ್ ಬರೆದುಕೊಟ್ಟರೆ ತೆಗೆದುಕೊಳ್ಳಿ, ಬೇರೆ ಮಾತ್ರೆಗಳ ಬದಲಿಗೆ ಮಾತ್ರ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಇದನ್ನು ಶುರು ಮಾಡಲೇಬಾರದು.

ಆಂಟಿಆಕ್ಸಿಡೆಂಟ್ ಅತಿಯಾದರೆ?

ಅದೂ ಕಾಯಿಲೆಯೇ. ಆಲ್ಫಾ-ಬಿ ಕ್ರಿಸ್ಟಲಿನ್ ಎಂಬ ಪ್ರೋಟೀನಿನಲ್ಲಿ ಒಂದು ದೋಷವಿರುವ ಇಲಿಗಳ ಹೃದಯ ಸೋಲುತ್ತದೆ. ರಾಜಶೇಖರನ್, ಐವರ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಯೂಟಾದಲ್ಲಿ ಆ ಹೃದಯಗಳನ್ನು ಪರೀಕ್ಷಿಸಿದಾಗ ಗ್ಲುಟಾಥಯೋನ್ ಮುಂತಾದ ರಕ್ಷಕಗಳು ಮಿತಿಮೀರಿ ತುಂಬಿದ್ದವು. ಅದನ್ನು ರಿಡಕ್ಟಿವ್ ಸ್ಟ್ರೆಸ್ ಎಂದು ಕರೆದರು. ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲೂ ಒಂದಷ್ಟು ಆಕ್ಸಿಡೇಷನ್ ಬೇಕು.

ಸಕ್ಕರೆ ಕಾಯಿಲೆ, ಬೀಡಿ–ಸಿಗರೇಟು, ಹೊಗೆ?

ಮೂರೂ ಈ ಸಮತೋಲವನ್ನು ಕೆಡಿಸುತ್ತವೆ. ರಕ್ತದಲ್ಲಿ ಗ್ಲೂಕೋಸ್ ಹೆಚ್ಚಿದ್ದಷ್ಟು ಕಾಲ ಪಿಕೆಸಿ, ನಾಕ್ಸ್ ಕಿಣ್ವಗಳು ಚುರುಕಾಗಿರುತ್ತವೆ, ಮೈಟೋಕಾಂಡ್ರಿಯದ ಸೋರಿಕೆಯೂ ಹೆಚ್ಚು. ಹಾರ್ಟ್ ಅಟ್ಯಾಕ್ ನಂತರ ಮಧುಮೇಹಿಗಳ ಹೃದಯದ ಲಯ ಕೆಡುವುದು ಹೆಚ್ಚು, ಅಲ್ಲೂ ಆಕ್ಸಿಡೈಸ್ ಆದ ಕ್ಯಾಮ್‌ಕೆ-2ರ ಕೈ ಕಂಡಿದೆ. ತಂಬಾಕಿನ ಹೊಗೆ ರ‍್ಯಾಡಿಕಲ್‌ಗಳನ್ನು ಹೊರಗಿನಿಂದಲೇ ತುಂಬುತ್ತದೆ. ಸೌದೆ ಒಲೆಯ ಹೊಗೆಯೂ ಕಡಿಮೆಯಲ್ಲ.

ಕ್ಯಾನ್ಸರ್ ಕೀಮೋ ಹೃದಯಕ್ಕೆ ತೊಂದರೆ ಮಾಡುವುದೂ ಇದರಿಂದಲೇ?

ಡಾಕ್ಸೊರುಬಿಸಿನ್ ಎಂಬ ಔಷಧಿಯ ವಿಷಯದಲ್ಲಿ ಬಹುಕಾಲ ಹೀಗೇ ನಂಬಿದ್ದರು. ಕಬ್ಬಿಣದೊಂದಿಗೆ ಸೇರಿ ರ‍್ಯಾಡಿಕಲ್ ಹುಟ್ಟಿಸುತ್ತದೆ ಎಂಬುದು ನಿಜ. ಆದರೆ ಹೃದಯಕೋಶದಲ್ಲಿರುವ ಟೋಪೋಐಸೊಮರೇಸ್-2 ಬೀಟಾ ಎಂಬ ಕಿಣ್ವವೇ ಮುಖ್ಯ ಗುರಿ ಎಂದು 2012ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಕಿಣ್ವ ತೆಗೆದ ಇಲಿಗಳ ಹೃದಯ ಉಳಿಯಿತು. ಕೀಮೋ ನಡೆಯುತ್ತಿರುವಾಗ ಸ್ವಂತ ಬುದ್ಧಿಯಿಂದ ಆಂಟಿಆಕ್ಸಿಡೆಂಟ್ ನುಂಗಬೇಡಿ. ಚಿಕಿತ್ಸೆಗೇ ಅಡ್ಡಿಯಾಗಬಹುದು.

ಈಗ ನಾನು ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಇದರ ಮೇಲೆ ಏನಾದರೂ ಮಾಡುತ್ತವೆಯೇ?

ಮಾಡುತ್ತವೆ, ಡಬ್ಬಿಯ ಮೇಲೆ ಆಂಟಿಆಕ್ಸಿಡೆಂಟ್ ಎಂದು ಬರೆದಿರುವುದಿಲ್ಲ ಅಷ್ಟೆ. ರ‍್ಯಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನವು ಆಂಜಿಯೋಟೆನ್ಸಿನ್ ದಾರಿಯನ್ನು ತಡೆಯುತ್ತವೆ. ಸ್ಟ್ಯಾಟಿನ್‌ಗಳು ಕೊಲೆಸ್ಟರಾಲ್ ಇಳಿಸುವುದರ ಜೊತೆಗೆ ನಾಕ್ಸ್2 ಜೋಡಣೆಗೆ ಬೇಕಾದ ರ‍್ಯಾಕ್-1 ಪ್ರೋಟೀನನ್ನು ತಗ್ಗಿಸುತ್ತವೆ. ಕಾರ್ವೆಡಿಲೋಲ್‌ಗೆ ಸ್ವಂತದ ಆಂಟಿಆಕ್ಸಿಡೆಂಟ್ ಗುಣವಿದೆ. ಇವನ್ನು ಬಿಟ್ಟು ನೆಲ್ಲಿಕಾಯಿ ಪುಡಿ ಹಿಡಿಯುವುದು ಬೇಡ. ನೆಲ್ಲಿಕಾಯಿ, ಸೊಪ್ಪು, ಕಾಳು ಊಟದಲ್ಲಿ ಧಾರಾಳವಾಗಿರಲಿ.

ವ್ಯಾಯಾಮ ಮಾಡಿದರೆ ರ‍್ಯಾಡಿಕಲ್ ಹೆಚ್ಚುತ್ತದಲ್ಲ, ಮಾಡಬಹುದೇ?

ಹೆಚ್ಚುತ್ತದೆ, ಆ ಏರಿಕೆಯೇ ದೇಹಕ್ಕೆ ಸಂದೇಶ. 2009ರಲ್ಲಿ ಮೈಕೆಲ್ ರಿಸ್ಟೋ ತಂಡ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಕೆಲವರಿಗೆ ದಿನಕ್ಕೆ 1000 ಮಿ.ಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟಿತು. ಮಾತ್ರೆ ತೆಗೆದುಕೊಳ್ಳದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ದೇಹದ ಸ್ವಂತ ರಕ್ಷಣಾ ಕಿಣ್ವಗಳೂ ಹೆಚ್ಚಿದವು. ಮಾತ್ರೆ ತೆಗೆದುಕೊಂಡವರಲ್ಲಿ ಆ ಲಾಭ ಕಾಣಲಿಲ್ಲ. ಹೃದ್ರೋಗ ಇರುವವರು ಎಷ್ಟು ನಡೆಯಬಹುದೆಂದು ವೈದ್ಯರನ್ನು ಕೇಳಿ ಶುರುಮಾಡಿ.

ಲ್ಯಾಬಿನಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಟೆಸ್ಟ್ ಮಾಡಿಸಬೇಕೇ?

ಬೇಡ. ಕೊಬ್ಬು ಆಕ್ಸಿಡೈಸ್ ಆದಾಗ ಹುಟ್ಟುವ ಎಂಡಿಎ, ಐಸೊಪ್ರಾಸ್ಟೇನ್ ಎಂಬ ವಸ್ತುಗಳನ್ನು ರಕ್ತದಲ್ಲೋ ಮೂತ್ರದಲ್ಲೋ ಅಳೆಯಬಹುದು, ಸಂಶೋಧನೆಗೆ ಅವು ಬೇಕು. ಆದರೆ ಹೃದಯಕೋಶದ ಯಾವ ಮೂಲೆಯಲ್ಲಿ ಪೆರಾಕ್ಸೈಡ್ ಹೆಚ್ಚಿದೆ ಎಂಬುದನ್ನು ಅವು ಹೇಳಲಾರವು, ಫಲಿತಾಂಶ ನೋಡಿ ಚಿಕಿತ್ಸೆ ಬದಲಿಸುವುದಕ್ಕೂ ಬರುವುದಿಲ್ಲ. ಆ ದುಡ್ಡಿನಲ್ಲಿ ಸಕ್ಕರೆ, ಕೊಲೆಸ್ಟರಾಲ್, ಕ್ರಿಯಾಟಿನಿನ್ ನೋಡಿಸಿ.

ಮುಂದಿನ ಚಿಕಿತ್ಸೆಗಳು ಯಾವ ದಿಕ್ಕಿನಲ್ಲಿವೆ? ನಮ್ಮಲ್ಲಿ ಕೆಲಸ ನಡೆಯುತ್ತಿದೆಯೇ?

ಇಡೀ ದೇಹಕ್ಕೆ ಹರಡುವ ಮಾತ್ರೆಯ ಬದಲು ಬೇಕಾದ ಜಾಗಕ್ಕೆ ಮಾತ್ರ ತಲುಪುವ ಔಷಧಿಗಳ ಕಡೆ ಗಮನ ಹೊರಳಿದೆ. ಮರ್ಫಿ ಮತ್ತು ರಾಬಿನ್ ಸ್ಮಿತ್ ರೂಪಿಸಿದ ಮೈಟೋಕ್ಯೂ ಎಂಬ ಅಣು ಧನ ವಿದ್ಯುದಂಶ ಹೊತ್ತು ನೇರ ಮೈಟೋಕಾಂಡ್ರಿಯದೊಳಗೆ ಸೇರಿಕೊಳ್ಳುತ್ತದೆ. ನಾಕ್ಸ್ ಕಿಣ್ವಗಳಲ್ಲಿ ಒಂದನ್ನೇ ಆರಿಸಿ ತಡೆಯುವ, ಕ್ಯಾಮ್‌ಕೆ-2ನ್ನು ತಡೆಯುವ ಅಣುಗಳ ಹುಡುಕಾಟ ನಡೆದಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಅವರ ತಂಡ ಪ್ಯಾಟ್ರಿಕ್ ಡಿ'ಸಿಲ್ವಾ ಅವರ ಜೊತೆಗೂಡಿ, ಗ್ಲುಟಾಥಯೋನ್ ಪೆರಾಕ್ಸಿಡೇಸ್‌ನ ಕೆಲಸ ಮಾಡಬಲ್ಲ ವೆನೇಡಿಯಂ ಪೆಂಟಾಕ್ಸೈಡ್ ನ್ಯಾನೋತಂತಿಗಳನ್ನು 2014ರಲ್ಲಿ ಪ್ರಕಟಿಸಿತು. ಗ್ಲುಟಾಥಯೋನ್ ಬಳಸಿ ಕೋಶದೊಳಗಿನ ಪೆರಾಕ್ಸೈಡನ್ನು ಅವು ನೀರು ಮಾಡುತ್ತವೆ, ಕೋಶದ ಉಳಿದ ರಕ್ಷಣಾ ವ್ಯವಸ್ಥೆಯನ್ನು ಕದಡುವುದಿಲ್ಲ. ಅದು ಬೆಳೆಸಿದ ಕೋಶಗಳಲ್ಲಿ ಮಾಡಿದ ಕೆಲಸ, ಹೃದ್ರೋಗಿಗಳಿಗೆ ಕೊಡುವ ಔಷಧಿ ಇನ್ನೂ ಅಲ್ಲ. ರಸಾಯನಶಾಸ್ತ್ರ ಓದುತ್ತಿರುವ ನಮ್ಮ ಮಕ್ಕಳು ಆ ಪ್ರಬಂಧವನ್ನು ಹುಡುಕಿ ಓದಲಿ ಎಂಬುದು ನನ್ನ ಆಸೆ. ಸೆಲೆನಿಯಂ ಕಿಣ್ವ ಗೊತ್ತಿದ್ದರೆ ಅರ್ಥವಾಗುತ್ತದೆ.